ಮಡಿಸಿದ ಬಟ್ಟೆಯ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಿ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು, ತನ್ನ ಹಾಸಿಗೆ ಎಷ್ಟು ಉದ್ದ ಎಂದು ಒಮ್ಮೆಯೂ ಸರಿಯಾಗಿ ನೋಡಿಕೊಳ್ಳಲಿಲ್ಲ. ಅವನೇನು ಅಳತೆ ಗೊತ್ತಿಲ್ಲದ ಮನುಷ್ಯನೇ? ನಲವತ್ತೊಂದು ವರ್ಷ ಕೊರಳಿಗೆ ಟೇಪು ಹಾಕಿಕೊಂಡೇ ಬದುಕಿದವನು. ಮದುವೆಯ ದಿನವೂ ಅಂಗಿಯ ಜೇಬಿನಲ್ಲಿ ಟೇಪು ಸುತ್ತಿಟ್ಟುಕೊಂಡಿದ್ದನೆಂದು ಅವನ ಹೆಂಡತಿ ಈಗಲೂ ಹೇಳಿ ನಗುತ್ತಾಳೆ. ಯೂನಿಫಾರ್ಮ್ ಹೊಲಿಯುವ ಅಂಗಡಿಯೊಂದರಲ್ಲಿ ಅವನು ಕಟಿಂಗ್ ಮಾಸ್ಟರ್. ಶಾಲೆಯ ಮಕ್ಕಳು, ಆಸ್ಪತ್ರೆಯ ನರ್ಸುಗಳು, ಬ್ಯಾಂಕಿನ ಕಾವಲುಗಾರರು, ಎಲ್ಲರ ಬಟ್ಟೆಗೂ ಮೊದಲ ಕತ್ತರಿ ಅವನದೇ. ಎದುರಿಗೆ ಎಲ್ಲರೂ ಮಾಸ್ಟ್ರೇ ಅನ್ನುತ್ತಿದ್ದರು, ಬೆನ್ನ ಹಿಂದೆ ಇಂಚಪ್ಪ. ಅದು ಅವನಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಈ ಕೆಲಸದ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಎರಡು ಮಡಿಕೆ ಮಾಡಿ ಹಾಸುತ್ತಾರೆ. ಒಂದು ಸಲ ಕತ್ತರಿ ಆಡಿಸಿದರೆ ಎಡವೂ ಬಲವೂ ಒಟ್ಟಿಗೆ ಬಂದುಬಿಡುತ್ತವೆ. ಹಾಗಾಗಿ ಮೂವತ್ತಾರು ಇಂಚಿನ ಸೊಂಟ ಇದ್ದರೆ ಪುಸ್ತಕದಲ್ಲಿ ಬರೆಯುವುದು ಹದಿನೆಂಟು. ಮಡಿಸಿದ ಬಟ್ಟೆಗೆ ಅರ್ಧದ ಅಳತೆ ಸಾಕಲ್ಲವೇ? ಇಂಚಪ್ಪನಿಗೆ ಕೆಲಸ ಕಲಿಸಿದ ಗುರು ಮಹಾ ಮುಂಗೋಪಿ; ಪೂರ್ತಿ ಅಳತೆ ಬರೆದರೆ ಬೆರಳಿನ ಗೆಣ್ಣಿಗೇ ಸ್ಕೇಲಿನಿಂದ ಬಾರಿಸುತ್ತಿದ್ದರು. ಆ ಏಟು ಬಿದ್ದಲ್ಲಿಂದ ಇವನ ಕೈ ಅರ್ಧವನ್ನೇ ಬರೆಯಿತು, ಕಣ್ಣು ಅದನ್ನು ಎರಡರಷ್ಟು ಮಾಡಿಯೇ ಓದಿತು. ನೀವು ಹೋಗಿ ನನ್ನ ಸೊಂಟ ಎಷ್ಟು ಮಾಸ್ಟ್ರೇ ಎಂದರೆ, ಪುಸ್ತಕದಲ್ಲಿ ಹತ್ತೊಂಬತ್ತು ಇರುತ್ತಿತ್ತು, ಅವನ ಬಾಯಿ ಮೂವತ್ತೆಂಟು ಅನ್ನುತ್ತಿತ್ತು. ನಡುವೆ ಲೆಕ್ಕ ಮಾಡಿದ್ದು ಅವನಿಗೇ ತಿಳಿಯುತ್ತಿರಲಿಲ್ಲ.

ಆರು ವರ್ಷದ ಹಿಂದೆ, ಶಾಲೆ ಶುರುವಾಗುವ ಮುಂಚಿನ ಆ ಹುಚ್ಚು ತಿಂಗಳಲ್ಲಿ, ಪಿಂಚಣಿ ಕಚೇರಿಯಿಂದ ಅಂಗಡಿಗೆ ಒಂದು ಫೋನು ಬಂತು. ಅರವತ್ತು ತುಂಬಿದ ಮೇಲೆ ತಿಂಗಳಿಗೆ ಎಷ್ಟು ಬರುತ್ತದೆ ಎಂದು ಇವನೇ ಅರ್ಜಿ ಹಾಕಿ ಕೇಳಿದ್ದ. ಮೇಜಿನ ತುಂಬ ನೀಲಿ ಬಟ್ಟೆ, ಒಂದು ಕೈಯಲ್ಲಿ ಕತ್ತರಿ, ಹೆಗಲಿಗೂ ಕಿವಿಗೂ ನಡುವೆ ಫೋನು. ಆ ಕಡೆಯಿಂದ ಹೇಳಿದ ಸಂಖ್ಯೆಯನ್ನು ಯಾವನೋ ಕಾವಲುಗಾರನ ಪ್ಯಾಂಟಿನ ಅಳತೆಯ ಕೆಳಗೆ ಗೀಚಿಕೊಂಡು, ಸರಿ ಸರಿ ಎಂದು ಫೋನು ಇಟ್ಟ. ಸಂಜೆ ಪುಸ್ತಕ ತೆಗೆದು ನೋಡಿ ಮನೆಗೆ ಹೋದವನೇ ಹೆಂಡತಿಗೆ ಹೇಳಿದ:

"ಹದಿನೆಂಟು ಸಾವಿರ ಕಣೇ. ತಿಂಗಳು ತಿಂಗಳು. ಬದುಕಿರೋವರೆಗೂ."

ಆ ಹದಿನೆಂಟು ಅವರಿಬ್ಬರ ಮನೆಯಲ್ಲಿ ಆರು ವರ್ಷ ಮೂರನೆಯ ಜೀವದ ಹಾಗೆ ಬಾಳಿತು. ಬಾಡಿಗೆ ಐದು, ಊಟ ದೀಪ ನೀರು ಎಲ್ಲ ಸೇರಿ ಆರು, ಔಷಧಿಗೆ ಎರಡು, ಓಡಾಟಕ್ಕೆ ಒಂದು, ಒಟ್ಟು ಹದಿನಾಲ್ಕು. ಆಮೇಲೂ ನಾಲ್ಕು ಸಾವಿರ ಉಳಿಯುತ್ತದಲ್ಲ! ಕೂಡಿಟ್ಟ ಗಂಟು ಬೇರೇನೂ ಇರಲಿಲ್ಲ. ಇದ್ದದ್ದನ್ನು ಅವನ ತಾಯಿಯ ಕೊನೆಯ ಮೂರು ವರ್ಷದ ಆಸ್ಪತ್ರೆ ನುಂಗಿ ನೀರು ಕುಡಿದಿತ್ತು. ಒಬ್ಬಳೇ ಮಗಳಿಗೆ ಅವಳ ಸಂಸಾರದಲ್ಲೇ ಹಾಸಿದರೆ ಹೊದೆಯುವುದಕ್ಕಿಲ್ಲ, ಹೊದ್ದರೆ ಹಾಸುವುದಕ್ಕಿಲ್ಲ. ಆದರೂ ಇಂಚಪ್ಪ ಬೀಗುತ್ತಿದ್ದ. ಪಕ್ಕದ ಮನೆಯವನು ಮುಪ್ಪಿನ ಕಾಲದ ಚಿಂತೆ ಹೇಳಿಕೊಂಡರೆ, "ಮೊದಲೇ ಅಳತೆ ತಗೊಂಡಿದ್ರೆ ಈಗ ಬಿಗಿ ಆಗ್ತಿರ್ಲಿಲ್ಲ" ಎಂದು ಉಪದೇಶ ಮಾಡುತ್ತಿದ್ದ. ಮಾಡಲಿ ಬಿಡಿ, ಉಪದೇಶಕ್ಕೇನು ಕಾಸು ಕೊಡಬೇಕೇ.

ಹದಿನೆಂಟರ ನಿಜವಾದ ಫಲ ಹೆಂಡತಿಗೆ ಸಿಗಬೇಕಿತ್ತು. ಅವಳು ಇಪ್ಪತ್ತೆರಡು ವರ್ಷದಿಂದ ದೊಡ್ಡ ಲಾಂಡ್ರಿಯೊಂದರಲ್ಲಿ ಕೆಲಸಕ್ಕಿದ್ದಳು. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಯಂತ್ರದಿಂದ ಒದ್ದೆಯಾಗಿ ಬರುತ್ತದೆ. ಅದನ್ನು ಇಸ್ತ್ರಿ ಮಾಡುವ ಕಾದ ರೋಲರಿನ ಬಾಯಿಗೆ ಅಂಚು ಹಿಡಿದು ಕೊಡಬೇಕು, ಆ ಕಡೆ ಬಂದದ್ದನ್ನು ಇಬ್ಬಿಬ್ಬರು ನಿಂತು ಮಡಿಸಬೇಕು. ನೀರು, ಹಬೆ, ಬಿಸಿ, ಮತ್ತೆ ನೀರು. ಅವಳ ಬೆರಳಿನ ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿಕೊಂಡಿದ್ದವು. ಬೆಳಿಗ್ಗೆ ಎದ್ದಾಗ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ, ಗಂಡನೇ ಹಾಕುತ್ತಿದ್ದ. ಹಾಗಾಗಿ ತೀರ್ಮಾನವಾಗಿತ್ತು: ಇವನು ಮುಂದಿನ ತಿಂಗಳ ಕೊನೆಗೆ ನಿವೃತ್ತನಾಗುತ್ತಾನೆ, ಅವಳು ಈ ತಿಂಗಳ ಕೊನೆಯ ಶನಿವಾರವೇ ಕೆಲಸ ಬಿಡುತ್ತಾಳೆ. ಲಾಂಡ್ರಿಗೆ ಹೇಳಿಯೂ ಆಗಿತ್ತು. ಹಳೆ ಸಾಮಾನಿನ ಅಂಗಡಿಯಿಂದ ಕೈಯಿರುವ ಒಂದು ಕುರ್ಚಿ ತಂದು ಕಿಟಕಿಯ ಹತ್ತಿರ ಹಾಕಿದ್ದರು.

"ಅಲ್ಲಿ ಕೂತ್ಕೊಂಡು ಏನು ಮಾಡ್ತೀಯೇ?" ಎಂದು ಇವನು ಕೆಣಕುತ್ತಿದ್ದ.

"ಏನೂ ಮಾಡಲ್ಲ. ಕೈನ ಮಡಿಲಲ್ಲಿ ಇಟ್ಕೊಂಡು ಬೀದಿ ನೋಡ್ತೀನಿ. ಯಾರಾದ್ರೂ ಕೆಲಸ ಹೇಳಿದ್ರೆ ಕಿವಿ ಕೇಳಲ್ಲ ಅಂತೀನಿ."

ಕಾಗದ ಬಂದದ್ದು ಶುಕ್ರವಾರ, ಅಂಗಡಿಯ ವಿಳಾಸಕ್ಕೆ. ತಿಂಗಳ ಪಿಂಚಣಿ ಒಂಬತ್ತು ಸಾವಿರದ ಚಿಲ್ಲರೆ ಎಂದಿತ್ತು. ಇಂಚಪ್ಪನಿಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಹಾಡಹಗಲಲ್ಲಿ ಅರ್ಧಕ್ಕರ್ಧ ನುಂಗುತ್ತಾರಲ್ಲ ಕಳ್ಳರು! ಸೋಮವಾರ ಅರ್ಧ ದಿನ ರಜೆ ಹಾಕಿ, ಆರು ವರ್ಷದ ಹಿಂದಿನ ಅಳತೆ ಪುಸ್ತಕವನ್ನು ಹುಡುಕಿ ಕಂಕುಳಲ್ಲಿ ಇರುಕಿಕೊಂಡು ಕಚೇರಿಗೆ ಹೋದ. ಪುಸ್ತಕವನ್ನು ದಾರಿಯಲ್ಲಿ ತೆರೆದು ನೋಡುವ ಗೋಜಿಗೂ ಹೋಗಲಿಲ್ಲ. ಯಾಕೆ ನೋಡಬೇಕು, ತಾನೇ ಬರೆದದ್ದು.

ಕೌಂಟರಿನಲ್ಲಿ ಕನ್ನಡಕದ ಕ್ಲರ್ಕಮ್ಮ ಒಬ್ಬಳಿದ್ದಳು. ನೆಗಡಿಯಾಗಿ ಮೂಗು ಕೆಂಪಗಾಗಿತ್ತು.

"ಏನಮ್ಮಾ, ಬಡವರ ದುಡ್ಡು ಅಂದ್ರೆ ಅಷ್ಟು ಸಸಾರನಾ ನಿಮಗೆ? ಹದಿನೆಂಟು ಅಂತ ಹೇಳಿ ಒಂಬತ್ತು ಕೊಡ್ತೀರಾ?"

"ಹದಿನೆಂಟು ಅಂತ ಯಾರು ಹೇಳಿದ್ದು ಯಜಮಾನ್ರೇ?"

"ನಿಮ್ಮ ಕಚೇರಿಯವರೇ, ಫೋನಲ್ಲಿ. ಬರೀ ಬಾಯಿ ಮಾತು ಅಂದ್ಕೋಬೇಡಿ. ಬರ್ಕೊಂಡಿದ್ದೀನಿ." ಸಾಲಿನಲ್ಲಿ ನಿಂತವರಿಗೆಲ್ಲ ಕೇಳಲಿ ಎಂದೇ ಜೋರಾಗಿ ಹೇಳಿ, ಪುಸ್ತಕ ತೆರೆದು ಹಾಳೆ ಮಗುಚಿ ಅವಳ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದ. "ನೋಡಿ. ಕಣ್ಣು ಬಿಟ್ಟು ನೋಡಿ."

ಅವಳು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. "ಪಿಂಚಣಿ, ಒಂಬತ್ತು ಅಂತಾನೇ ಇದೆಯಲ್ಲ ಇಲ್ಲಿ."

"ಹೂಂ, ಒಂಬತ್ತು. ಅದನ್ನ ಎರಡರಷ್ಟು ಮಾಡಿ ಓದ್‌..."

ಮಾತು ಅಲ್ಲಿಗೇ ನಿಂತಿತು. ಬೆರಳು ಆ ಒಂಬತ್ತಿನ ಮೇಲೆಯೇ ಉಳಿಯಿತು.

"ಯಾಕೆ ಎರಡರಷ್ಟು?" ಎಂದಳು ಅವಳು. ಪಾಪ, ಕುಹಕಕ್ಕಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು.

"ಬಟ್ಟೆ ಮಡಿಸಿರ್ತೀವಲ್ಲ" ಎಂದ ಇಂಚಪ್ಪ. ತನ್ನ ದನಿ ತನಗೇ ಯಾರದೋ ಅನಿಸಿತು. ಅವಳಿಗೆ ಏನೂ ಅರ್ಥವಾಗಲಿಲ್ಲ. ಮುದುಕ ಬಿದ್ದುಗಿದ್ದಾನು ಎಂದು ತನ್ನ ಬಾಟಲಿಯ ನೀರು ಕೊಟ್ಟಳು. ಕುಡಿಯುವಾಗ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಹಿಂದೆ ನಿಂತವನು ಸ್ವಲ್ಪ ಸರೀರಿ ಎಂದ, ಸರಿದ.

ಕಚೇರಿಯ ಮೆಟ್ಟಿಲ ಮೇಲೆ ಕೂತು ಅವನು ಲೆಕ್ಕ ಹಾಕಿದ. ಒಂಬತ್ತರಲ್ಲಿ ಬಾಡಿಗೆಗೆ ಐದು ಹೋದರೆ ನಾಲ್ಕು. ನಾಲ್ಕರಲ್ಲಿ ಊಟವೋ ಔಷಧಿಯೋ? ಒಂದು ಹೊತ್ತು ಬಿಟ್ಟರೆ? ದೀಪ ಆರಿಸಿ ಕೂತರೆ? ಎಷ್ಟು ತಿಂಗಳು? ಅಲ್ಲಿಗೆ ಬಂದಾಗ ಹೊಸ ಹೆದರಿಕೆಯೊಂದು ಹಿಡಿದುಕೊಂಡಿತು. ಅವನ ತಾಯಿ ತೊಂಬತ್ಮೂರು ವರ್ಷ ಬದುಕಿದ್ದಳು, ಅಜ್ಜಿ ತೊಂಬತ್ತಾರು. ಗಟ್ಟಿ ಪಿಂಡಗಳ ವಂಶ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಚೆನ್ನಾಗಿ ಬಾಳಪ್ಪ, ನೂರು ವರ್ಷ ಬಾಳು ಎಂದು ತಲೆ ಮುಟ್ಟಿ ಹರಸಿದ ಹಿರಿಯರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಮೂವತ್ಮೂರು ವರ್ಷ! ಸಾವಿಗೆ ಹೆದರುವವರನ್ನು ನಾವೆಲ್ಲ ನೋಡಿದ್ದೇವೆ, ಇಂಚಪ್ಪ ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ತನ್ನ ಆಯುಸ್ಸಿಗೆ ಹೆದರಿದ. ಎರಡು ಬಸ್ಸು ಬಿಟ್ಟು ಮೂರನೆಯದು ಹತ್ತಿದ.

ಮನೆಗೆ ಹೋಗಿ ಹೇಳಬೇಕಿತ್ತು. ಹೇಳೋ ಮಹರಾಯ, ಬಾಯಿ ಬಿಡೋ ಎಂದು ಯಾರಾದರೂ ಕುತ್ತಿಗೆ ಹಿಡಿದು ಹೇಳಬೇಕಿತ್ತು. ಆದರೆ ಹೆಂಡತಿ ಆ ಸಂಜೆ ಬಾಗಿಲಲ್ಲೇ ಸುದ್ದಿ ಶುರುಮಾಡಿದ್ದಳು. ಶನಿವಾರ ಹೆಂಗಸರೆಲ್ಲ ಸೇರಿ ಚಹಾ ತಿಂಡಿ ತರಿಸುತ್ತಾರಂತೆ, ನಾನು ಕುರ್ಚಿ ವಿಷಯ ಹೇಳಿದ್ದಕ್ಕೆ ಒಬ್ಬಳು ದಿಂಬು ಹೊಲಿದು ಕೊಡ್ತೀನಿ ಅಂದಳು, ಮಹಾರಾಣಿ ಅಂತ ಆಡಿಕೊಳ್ತಾರೆ ರೀ. ಹೇಳುತ್ತಾ ಹೇಳುತ್ತಾ ಊದಿದ ಬೆರಳುಗಳನ್ನು ಬಿಸಿನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. ಇವನು ಆ ಬೆರಳುಗಳನ್ನು ನೋಡಿದ, ಬಾಯಿಗೆ ಬೀಗ ಬಿತ್ತು.

ಮಂಗಳವಾರ ಅಂಗಡಿಯ ಯಜಮಾನನ ಮುಂದೆ ನಿಂತ. ಹಳೇ ಯಜಮಾನರ ಮಗ, ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದೆ ಗೊತ್ತಿರುವವನು.

"ಇನ್ನೊಂದೆರಡು ವರ್ಷ ನನ್ನ ಇಟ್ಕೊಳ್ಳೋಕಾಗತ್ತಾ?"

"ಏನು ಮಾಸ್ಟ್ರೇ, ಮೊನ್ನೆ ತಾನೇ ಆರಾಮಾಗಿರ್ತೀನಿ ಅಂದ್ರಿ?" ಯಜಮಾನ ಮುಜುಗರದಿಂದ ನಕ್ಕ. "ಕಟಿಂಗ್ ಮಿಷಿನ್ನಿಗೆ ಆರ್ಡರ್ ಕೊಟ್ಟಾಯ್ತು. ಒಂದೇ ಸಲಕ್ಕೆ ಎಂಬತ್ತು ಪದರ ಕತ್ತರಿಸತ್ತಂತೆ. ನಿಮ್ಮನ್ನ ಮಾತ್ರ ನಾವು ಯಾವತ್ತೂ ಮರೆಯಲ್ಲ."

ಮರೆಯುವುದಿಲ್ಲ ಎಂಬ ಮಾತನ್ನು ಯಾವ ಅಂಗಡಿಯಲ್ಲಿ ಕೊಟ್ಟರೆ ಅಕ್ಕಿ ಸಿಗುತ್ತದೋ! ಇಂಚಪ್ಪ ಹೂಂಗುಟ್ಟಿ ಮೇಜಿಗೆ ಮರಳಿದ. ಸಂಜೆ, ಕಾವಲುಗಾರರನ್ನು ಕೆಲಸಕ್ಕೆ ಕಳಿಸುವ ಕಂಪನಿಗೆ ಹೋಗಿ ಕೆಲಸ ಕೇಳಿದ. ಅವರ ನೂರಾರು ಯೂನಿಫಾರ್ಮ್ ಕತ್ತರಿಸಿದವನು ಇವನೇ. ಐವತ್ತೈದು ದಾಟಿದವರಿಗೆ ಇಲ್ಲ ಎಂದರು. ಗುರುವಾರ, ನಲವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ, ಬಟ್ಟೆ ಮಡಿಸುವುದನ್ನೇ ಮರೆತು ಕತ್ತರಿ ಹಾಕಿ ಹನ್ನೆರಡು ಅಂಗಿಗೆ ಎಡಗೈ ತೋಳನ್ನೇ ಕತ್ತರಿಸಿ ಕೂತ. ತುಂಡುಗಳನ್ನು ಯಾರಿಗೂ ಕಾಣದಂತೆ ಮೇಜಿನ ಕೆಳಗೆ ತುರುಕಿದ.

ಅದಕ್ಕೂ ಮುಂಚೆ ಬುಧವಾರ ಊಟಕ್ಕೆ ಕೂತಾಗ ಹೆಂಡತಿ ಹೇಳಿದ್ದಳು: "ನನ್ನ ಜಾಗಕ್ಕೆ ಇವತ್ತು ಒಬ್ಬಳನ್ನ ತಗೊಂಡ್ರು ರೀ. ಗಟ್ಟಿಗಿತ್ತಿ. ಪಾಪ, ಕೈ ಎಷ್ಟು ಚೆನ್ನಾಗಿದೆ ಅವಳದ್ದು." ಇವನು ತಟ್ಟೆ ಬಿಟ್ಟು ಲೋಟ ಎತ್ತಿಕೊಂಡ. ನೀರು ಕುಡಿದ. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಎಂಬುದಕ್ಕೆ ಅಂಚೇ ಇಲ್ಲ ನೋಡಿ, ಎಷ್ಟು ಬೇಕಾದರೂ ಎಳೆಯಬಹುದು. ಶುಕ್ರವಾರವೂ ಹಾಗೇ ಕಳೆಯಿತು.

ಶನಿವಾರ ಮಧ್ಯಾಹ್ನ ಇನ್ನು ತಡೆಯಲಾಗಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದು ಅಂಗಡಿಯಲ್ಲಿ ಸುಳ್ಳು ಹೇಳಿ ಲಾಂಡ್ರಿಗೆ ಹೋದ. ಒಳಗೆ ಹಬೆ, ಸೋಪಿನ ವಾಸನೆ, ಕಿವಿ ಗಡಚಿಕ್ಕುವ ಯಂತ್ರದ ಸದ್ದು. ಹೆಂಗಸರೆಲ್ಲ ಮೂಲೆಯಲ್ಲಿ ಚಹಾದ ಏರ್ಪಾಟಿಗೆ ಸೇರಿದ್ದರು. ಇವನ ಹೆಂಡತಿ ಮಾತ್ರ ಒಂದು ದೊಡ್ಡ ಬಿಳಿ ಹೊದಿಕೆಯ ಎರಡು ಮೂಲೆ ಹಿಡಿದು, ಜೊತೆಗಾತಿ ಬರಲೆಂದು ಕಾಯುತ್ತಾ ನಿಂತಿದ್ದಳು. ಇವನನ್ನು ಕಂಡು ಬೆರಗಾದಳು. ಇವನು ಏನೂ ಹೇಳದೆ ಆ ತುದಿಯ ಎರಡು ಮೂಲೆ ಹಿಡಿದುಕೊಂಡ. ಬಟ್ಟೆ ಕೈಗೆ ಸಿಕ್ಕರೆ ಅವನಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆ, ಅಷ್ಟರಮಟ್ಟಿಗೆ ದೇವರು ದೊಡ್ಡವನು.

ಅಂಚಿಗೆ ಅಂಚು ಸೇರಿಸಿ ಇಬ್ಬರೂ ಹತ್ತಿರ ಬಂದರು. ಹತ್ತಿರ ಬಂದಾಗ ಮಾತ್ರ ಆ ಸದ್ದಿನಲ್ಲಿ ಮಾತು ಕೇಳುತ್ತಿತ್ತು.

"ಏನ್ರೀ, ಅಂಗಡಿಗೆ ರಜಾನಾ? ಚಹಾಕ್ಕೆ ಬಂದ್ರಾ?"

"ಹೂಂ." ಮೂಲೆಗಳನ್ನು ಅವಳ ಕೈಗೆ ಕೊಟ್ಟು, ಕೆಳಗಿನ ಮಡಿಕೆ ಹಿಡಿದು ಹಿಂದೆ ಸರಿದ. ಮತ್ತೆ ಹತ್ತಿರ ಬಂದ. "ಪಿಂಚಣಿ ಹದಿನೆಂಟಲ್ಲ ಕಣೇ."

"ಏನಂದ್ರಿ?"

ಮತ್ತೊಂದು ಮಡಿಕೆ. ಹೊದಿಕೆ ಈಗ ಚಿಕ್ಕದಾಗಿತ್ತು, ಹಿಂದೆ ಸರಿಯಲು ಜಾಗ ಉಳಿದಿರಲಿಲ್ಲ.

"ಒಂಬತ್ತು. ನಾನೇ ತಪ್ಪಾಗಿ ಓದ್ಕೊಂಡಿದ್ದೆ. ಅರ್ಧ ಬರೆದಿದ್ದೀನಿ ಅಂದ್ಕೊಂಡು ಎರಡರಷ್ಟು ಮಾಡಿದ್ದೆ."

ಅವಳು ಮಡಿಸಿದ ಹೊದಿಕೆಯನ್ನು ಎದೆಗೆ ಒತ್ತಿಕೊಂಡಳು. "ಯಾವತ್ತು ಗೊತ್ತಾಯ್ತು?"

"ಸೋಮವಾರ."

"ಸೋಮವಾರದಿಂದ ನಾನು ಕಂಡಕಂಡವರ ಹತ್ರ ಕುರ್ಚಿ ಕಥೆ ಹೇಳ್ಕೊಂಡು ಕುಣೀತಿದ್ದೀನಿ. ಎದುರಿಗೆ ಕೂತು ಊಟ ಮಾಡ್ತಾ ಕೇಳಿಸ್ಕೊಂಡ್ರಲ್ಲ ನೀವು!"

"ಹೆದರಿಕೆ ಆಯ್ತು."

"ನನ್ನ ಕಂಡ್ರೆ ಹೆದರಿಕೆನಾ?"

"ನಿನ್ನ ಕೈ ಕಂಡ್ರೆ."

ಅವಳ ಕಣ್ಣು ತುಂಬಿತು. ಆದರೆ ಅಳುತ್ತಾ ನಿಲ್ಲುವ ಜಾತಿ ಅಲ್ಲ ಅವಳು. ಹೊದಿಕೆಯನ್ನು ರಾಶಿಯ ಮೇಲಿಟ್ಟು ಸೀದಾ ಮೇಲ್ವಿಚಾರಕಿಯ ಮೇಜಿನ ಹತ್ತಿರ ಹೋದಳು. ಇವನು ಹಿಂದೆ ಹಿಂದೆ ಹೋದ. ಕೆಲಸ ಬಿಡುವುದಿಲ್ಲ, ಮೊದಲಿನ ಹಾಗೇ ಬರುತ್ತೇನೆ ಎಂದು ಅವಳು ಕೇಳಿಕೊಂಡಳು. ಮೇಲ್ವಿಚಾರಕಿ ತಲೆ ಚಚ್ಚಿಕೊಂಡಳು.

"ಅಯ್ಯೋ, ಈಗ ಹೇಳ್ತೀಯಲ್ಲಮ್ಮ! ಮಂಗಳವಾರದವರೆಗೂ ನಿನ್ನ ಜಾಗ ಖಾಲಿನೇ ಇತ್ತು. ಒಂದು ಮಾತು ಅಂದಿದ್ರೆ ನಿನ್ನ ಬಿಟ್ಟು ಬೇರೆಯವಳನ್ನ ಯಾಕೆ ತಗೋತಿದ್ದೆ? ಅವಳಿಗೆ ಮಾತು ಕೊಟ್ಟಾಯ್ತು. ಈಗ ಬೇಕಾದ್ರೆ ಬೆಳಿಗ್ಗೆ ಆರರಿಂದ ಹತ್ತು, ಅರ್ಧ ದಿನದ ಕೆಲಸ ಇದೆ. ಸಂಬಳಾನೂ ಅರ್ಧ, ನಾಲ್ಕು ಸಾವಿರ. ರೋಲರ್ ಹತ್ರಾನೇ ನಿಲ್ಲಬೇಕು."

ಸೋಮವಾರ ಸಂಜೆ ಇಂಚಪ್ಪ ಬಾಗಿಲಲ್ಲಿ ಒಂದೇ ಮಾತು ಹೇಳಿದ್ದರೆ ಅವಳ ಪೂರ್ತಿ ಸಂಬಳ ಎಂಟು ಸಾವಿರ ಉಳಿಯುತ್ತಿತ್ತು. ಪುಸ್ತಕದ ತಪ್ಪಿನಿಂದ ಯಾರ ಗಂಟೂ ಹೋಗಿರಲಿಲ್ಲ. ಇಲ್ಲದ ದುಡ್ಡನ್ನು ಇದೆ ಅಂದುಕೊಂಡಿದ್ದ, ಅಷ್ಟೇ. ಇದ್ದ ದುಡ್ಡು ಹೋದದ್ದು ಇವನು ಬಾಯಿ ಮುಚ್ಚಿಕೊಂಡಿದ್ದರಿಂದ. ಅವನು ನೆಲ ನೋಡಿದ. ಈಗ ಹೇಳುತ್ತಾಳೆ, ಎಲ್ಲರ ಮುಂದೆ ಹೇಳುತ್ತಾಳೆ, ಹೇಳಲಿ ಎಂದುಕೊಂಡ.

"ನನ್ನದೇ ತಪ್ಪು ಕಣಮ್ಮ" ಎಂದಳು ಅವನ ಹೆಂಡತಿ. "ಹೇಳೋಣ ಹೇಳೋಣ ಅಂತ ನಾನೇ ತಡ ಮಾಡ್ದೆ. ಅರ್ಧ ದಿನಾನೇ ಕೊಡಿ."

ಚಹಾ ಕುಡಿದರು, ತಿಂಡಿ ತಿಂದರು. ಮಹಾರಾಣಿ ಕೆಲಸ ಬಿಡಲ್ವಂತೆ ಕಣ್ರೇ, ನಮ್ಮನ್ನ ಬಿಟ್ಟಿರೋಕಾಗಲ್ವಂತೆ ಎಂದು ಹೆಂಗಸರು ನಕ್ಕರು. ಅವಳೂ ನಕ್ಕಳು. ಹೊಲಿದು ತಂದಿದ್ದ ದಿಂಬನ್ನು ಇಂಚಪ್ಪ ಕಂಕುಳಲ್ಲಿಟ್ಟುಕೊಂಡು ಬಂದ.

ಇಬ್ಬರೂ ನಡೆದೇ ಹೊರಟರು. ಔಷಧಿ ಅಂಗಡಿ ದಾಟಿದ ಮೇಲೆ ಅವಳು ಕೇಳಿದಳು: "ಒಂಬತ್ತು, ನಾಲ್ಕು, ಹದಿಮೂರು. ಇನ್ನೂ ಒಂದು ಸಾಲದಲ್ಲ?"

"ಸಾಲದು."

"ಅದೂ ನನ್ನ ಕೈ ನಡೆಯೋವರೆಗೆ."

"ಹೂಂ."

"ನನಗೂ ಹೆದರಿಕೆ ಆಗ್ತಿದೆ ರೀ" ಎಂದಳು. ರಸ್ತೆ ದಾಟುವಾಗ ಅವನ ತೋಳು ಹಿಡಿದುಕೊಂಡವಳು, ದಾಟಿದ ಮೇಲೂ ಬಿಡಲಿಲ್ಲ.

ಭಾನುವಾರ ಬೆಳಿಗ್ಗೆ ಇಂಚಪ್ಪ ಊಟದ ಮೇಜಿನ ಮೇಲೆ ಕಂದು ಕಾಗದ ಹಾಸಿದ. ಅಂಗಡಿಯಿಂದ ಎಂದೋ ತಂದಿಟ್ಟಿದ್ದ ದಪ್ಪ ಹತ್ತಿ ಬಟ್ಟೆಯ ತುಂಡುಗಳಿದ್ದವು. ರೋಲರಿನ ಬಿಸಿಗೆ ಕೈಗವಸು ಹೊಲಿದು ಕೊಡುತ್ತೇನೆ, ಕೈ ಇಡು ಎಂದ. ಅವಳು ಕಿಟಕಿಯ ಹತ್ತಿರದ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಹೊಸ ದಿಂಬು ಹಾಕಿ ಕೂತು, ಬಲಗೈಯನ್ನು ಕಾಗದದ ಮೇಲೆ ಅಗಲಿಸಿಟ್ಟಳು. ಅವನು ಪೆನ್ಸಿಲಿನಿಂದ ಬೆರಳುಗಳ ಸುತ್ತ ಗೆರೆ ಎಳೆಯತೊಡಗಿದ. ಗೆಣ್ಣು ಬಂದಲ್ಲೆಲ್ಲ ಪೆನ್ಸಿಲು ಹೊರಕ್ಕೆ ಸರಿಯುತ್ತಿತ್ತು. ಆಮೇಲೆ ಎಡಗೈ ಇಡಿಸಿದ. ಎರಡೂ ಒಂದೇ ಅಳತೆ ಇರಲಿಲ್ಲ, ಬಲಗೈ ಹೆಚ್ಚು ಊದಿತ್ತು. ಮಡಿಸಿ ಒಂದೇ ಸಲ ಕತ್ತರಿಸುವ ಹಾಗೆ ಇರಲಿಲ್ಲ. ಒಂದೊಂದೇ ಬೆರಳಿಗೆ ಟೇಪು ಸುತ್ತಿ, ಅಳತೆ ಪುಸ್ತಕದ ಹೊಸ ಹಾಳೆಯಲ್ಲಿ ಹತ್ತೂ ಬೆರಳಿನ ಅಳತೆಯನ್ನು ಪೂರ್ತಿ ಬರೆದ.

ಅವಳು ಕಾಗದದ ಮೇಲಿನ ಗೆರೆಯನ್ನು ನೋಡಿದಳು.

"ಇದಕ್ಕಿಂತ ಸ್ವಲ್ಪ ದೊಡ್ಡದಾಗೇ ಹೊಲೀರಿ" ಎಂದಳು. "ಇನ್ನೂ ಊದುತ್ತಲ್ಲ."

ಇಂಚಪ್ಪ ಪ್ರತಿ ಬೆರಳಿಗೂ ಕಾಲಿಂಚು ಸೇರಿಸಿ ಬರೆದುಕೊಂಡ.